ಬೀಜದಿಂದ ಬೆರಿ ಹಣ್ಣು: ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗೆ ಯಾವುದು ಸರಿ?

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ ಮಾರುಕಟ್ಟೆಗೆ ಮಹಾಬಳೇಶ್ವರದ ಸ್ಟ್ರಾಬೆರಿ ಡಬ್ಬಿಗಳು ಬರುತ್ತವೆ. ಹಣ್ಣಿನ ಮೈತುಂಬ ಬೀಜ. ಇಷ್ಟೊಂದು ಬೀಜ ಕಣ್ಣೆದುರಿಗೇ ಇರುವಾಗ ಗಿಡ ಯಾಕೆ ಕೊಳ್ಳಬೇಕು, ನಾವೇ ಬೆಳೆದರಾಯ್ತು ಅನ್ನಿಸುವುದು ಸಹಜ. ಅದರ ಜೊತೆಗೆ ಮೊಬೈಲ್ ತೆರೆದರೆ ಸಾಕು, ಬ್ಲೂಬೆರಿ, ರಾಸ್ಪ್‌ಬೆರಿ, ಹಿಪ್ಪುನೇರಳೆ ಅಂತ ಬೀಜದ ಪ್ಯಾಕೆಟ್‌ಗಳ ಸಾಲು. ಎಲ್ಲವೂ ಅಗ್ಗ, ಎಲ್ಲದರ ಮೇಲೂ ಚಂದದ ಚಿತ್ರ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೀಜದಿಂದಲೇ ಬೆಳೆಯಬೇಕು, ಒಂದು ವರ್ಷದೊಳಗೆ ಹಣ್ಣು ತಿನ್ನಬೇಕು ಅಂದರೆ ರಸಭರಿ. ಹಿತ್ತಲೋ ಹೊಲದ ಬದುವೋ ಇದ್ದು, ಎರಡು ಮೂರು ವರ್ಷ ಕಾಯುವ ತಾಳ್ಮೆ ಇದ್ದರೆ ಕವಳಿ. ಸ್ಟ್ರಾಬೆರಿ ಹಣ್ಣೇ ಮುಖ್ಯ ಅಂದರೆ ಬೀಜ ಬಿಟ್ಟು ಸಸಿ ತನ್ನಿ. ಹಿಪ್ಪುನೇರಳೆಗೆ ಒಂದು ಕಡ್ಡಿ ಸಾಕು. ಬ್ಲೂಬೆರಿ ಬೀಜಕ್ಕೆ ದುಡ್ಡು ಹಾಕಬೇಡಿ.

ಹೀಗೆ ಹೇಳಲು ಮೂರು ಕಾರಣಗಳಿವೆ. ಬೀಜದಿಂದ ಬಂದ ಗಿಡ ತಾಯಿ ಗಿಡದಂಥದೇ ಹಣ್ಣು ಕೊಡುತ್ತದೆಯೇ? ಎಷ್ಟು ದಿನಕ್ಕೆ ಕೊಡುತ್ತದೆ? ನಮ್ಮ ಏಪ್ರಿಲ್-ಮೇ ಬಿಸಿಲನ್ನು, ನಮ್ಮ ನೀರನ್ನು ಅದು ತಡೆದುಕೊಳ್ಳುತ್ತದೆಯೇ? ಮೊಳಕೆ ಬರುವುದು ದೊಡ್ಡ ಮಾತೇ ಅಲ್ಲ. ಸರಿಯಾಗಿ ಮಾಡಿದರೆ ಬಹಳಷ್ಟು ಬೀಜ ಮೊಳೆಯುತ್ತವೆ. ಆಮೇಲಿನದೇ ಕಷ್ಟ.

ರಸಭರಿ: ಮೆಣಸಿನ ಅಗಿ ಹಾಕಿ ಗೊತ್ತಿದ್ದರೆ ಸಾಕು

ಸೂಪರ್ ಮಾರ್ಕೆಟ್‌ನಲ್ಲಿ ಇದಕ್ಕೆ ಗೋಲ್ಡನ್ ಬೆರಿ, ಕೇಪ್ ಗೂಸ್‌ಬೆರಿ ಅಂತಲೂ ಬರೆದಿರುತ್ತಾರೆ. ತೆಳ್ಳಗಿನ ಒಣ ಸಿಪ್ಪೆಯೊಳಗೆ ಹಳದಿ ಬಣ್ಣದ ದುಂಡು ಹಣ್ಣು, ಹುಳಿ-ಸಿಹಿ ರುಚಿ. ನಮ್ಮ ನೆಲ್ಲಿಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಇದು ಟೊಮೆಟೊ, ಬದನೆ, ಮೆಣಸಿನಕಾಯಿಗಳ ಕುಟುಂಬದ್ದು. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಹಾವೇರಿ, ಬ್ಯಾಡಗಿ ಕಡೆಯವರಿಗೆ ಇದನ್ನು ಬೆಳೆಯಲು ಹೊಸದಾಗಿ ಏನೂ ಕಲಿಸಬೇಕಿಲ್ಲ. ಮೆಣಸಿನ ಅಗಿ ಹೇಗೆ ಹಾಕುತ್ತಾರೋ, ಹೇಗೆ ಕಿತ್ತು ನೆಡುತ್ತಾರೋ ಇದಕ್ಕೂ ಅದೇ ರೀತಿ.

ಬೀಜ ಕೊಳ್ಳುವ ಅಗತ್ಯವೂ ಇಲ್ಲ. ಒಂದು ಡಬ್ಬಿ ಹಣ್ಣು ತನ್ನಿ. ಚೆನ್ನಾಗಿ ಹಣ್ಣಾದ, ದೊಡ್ಡ ಎರಡು ಹಣ್ಣು ತೆಗೆದಿಟ್ಟು ಉಳಿದದ್ದನ್ನು ತಿನ್ನಿ. ಒಂದು ಹಣ್ಣಿನಲ್ಲೇ ನೂರಕ್ಕೂ ಜಾಸ್ತಿ ಬೀಜ ಇರುತ್ತವೆ. ಲೋಟದ ನೀರಿನಲ್ಲಿ ಹಿಸುಕಿ ಒಂದೆರಡು ದಿನ ಹಾಗೇ ಬಿಡಿ. ಬೀಜದ ಸುತ್ತಲಿನ ಲೋಳೆ ಕಳಚಿಕೊಳ್ಳುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಹಾಕಿ ತೊಳೆಯಿರಿ. ಸ್ಟೀಲ್ ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಒಣಗಿಸಿದರೆ ಅಂಟಿಕೊಂಡು ಬಿಡುತ್ತವೆ, ಆಮೇಲೆ ಕೆರೆಯುವುದೇ ಕೆಲಸ.

ಬಿತ್ತಲು ಒಳ್ಳೆಯ ಸಮಯ ಜುಲೈ ಕೊನೆ ಅಥವಾ ಆಗಸ್ಟ್. ಅರ್ಧ ಸೆಂಟಿಮೀಟರ್ ಆಳ ಸಾಕು. ಹತ್ತರಿಂದ ಇಪ್ಪತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ನಾಲ್ಕೈದು ಎಲೆ ಬಂದಾಗ ಬೇರೆ ಮಾಡಿ ನೆಡಬೇಕು. ನೆಟ್ಟ ಮೇಲೆ ಮೂರು ತಿಂಗಳ ಆಸುಪಾಸಿನಲ್ಲಿ ಹಣ್ಣು ಶುರು. ಅಂದರೆ ನಮ್ಮ ಚಳಿಗಾಲದಲ್ಲಿ ಗಿಡ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಈ ಗಿಡಕ್ಕೆ ಬೇಕಾದದ್ದೂ ಅದೇ. ತಡ ಮಾಡಿ ಜನವರಿಯಲ್ಲಿ ಬಿತ್ತಿದರೆ ಹೂ ಬರುವ ಹೊತ್ತಿಗೆ ಬಿಸಿಲು ಏರಿ ಹೂವೆಲ್ಲ ಉದುರುತ್ತದೆ.

ಕುಂಡ ಕನಿಷ್ಠ ಹನ್ನೆರಡು ಇಂಚಿನದು ಇರಲಿ. ಗಿಡ ಅಡ್ಡಾದಿಡ್ಡಿ ಹರಡುತ್ತದೆ, ಒಂದು ಕೋಲು ಕಟ್ಟಬೇಕು. ಗೊಬ್ಬರ ಜಾಸ್ತಿ ಹಾಕುವ ಉತ್ಸಾಹ ಬೇಡ. ಸೊಪ್ಪು ಸೊಂಪಾಗಿ ಬೆಳೆದು ಕಾಯಿ ಕೈ ಕೊಡುತ್ತದೆ. ಪರಾಗಕ್ಕೆ ಜೋಡಿ ಗಿಡ ಬೇಕಿಲ್ಲ, ಒಂದೇ ಗಿಡ ಸಾಕು. ಅದೇ ಕಾರಣಕ್ಕೆ ಬೀಜದಿಂದ ಬಂದ ಗಿಡ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತದೆ.

ಹಣ್ಣು ಕೀಳುವ ವಿಷಯದಲ್ಲಿ ಮಾತ್ರ ಎಚ್ಚರ. ಹೊರಗಿನ ಸಿಪ್ಪೆ ಒಣಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಬೇಕು, ಒಳಗಿನ ಹಣ್ಣು ಹಳದಿಯಾಗಿರಬೇಕು. ತಾನೇ ಉದುರಿದ್ದಾದರೆ ಇನ್ನೂ ಒಳ್ಳೆಯದು. ಹಸಿರು ಕಾಯಿ, ಎಲೆ, ಸಿಪ್ಪೆ ಇವುಗಳಲ್ಲಿ ವಿಷದ ಅಂಶ ಇರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಕೊಡಿ. ಇನ್ನೊಂದು ಮಾತು: ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದು ರೋಗ ಬಂದ ಕುಂಡದ ಮಣ್ಣನ್ನೇ ಇದಕ್ಕೆ ಬಳಸಬೇಡಿ. ಆ ಗಿಡಗಳ ರೋಗಗಳೇ ಇದಕ್ಕೂ ಬರುತ್ತವೆ. ಬಿಳಿ ನೊಣವಂತೂ ಹುಡುಕಿಕೊಂಡು ಬರುತ್ತದೆ.

ಸ್ಟ್ರಾಬೆರಿ: ಬೀಜವೋ ಸಸಿಯೋ?

ಎಲ್ಲರಿಗೂ ಆಸೆ ಇರುವುದು ಇದರ ಮೇಲೆಯೇ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಮಾರುಕಟ್ಟೆಯ ದೊಡ್ಡ ಸ್ಟ್ರಾಬೆರಿ ಒಂದು ಮಿಶ್ರತಳಿ. ಉತ್ತರ ಅಮೆರಿಕದ ಒಂದು ಕಾಡು ಜಾತಿ, ಚಿಲಿ ದೇಶದ ಇನ್ನೊಂದು ಜಾತಿ, ಇವೆರಡೂ 18ನೇ ಶತಮಾನದಲ್ಲಿ ಯುರೋಪಿನ ತೋಟಗಳಲ್ಲಿ ಬೆರೆತು ಹುಟ್ಟಿದ್ದು. ಇಂಥ ಹಣ್ಣಿನ ಬೀಜ ಹಾಕಿದರೆ ಹತ್ತು ಸಸಿಗೆ ಹತ್ತು ಗುಣ. ಒಂದರಲ್ಲಿ ಹಣ್ಣು ಚಿಕ್ಕದು, ಇನ್ನೊಂದರಲ್ಲಿ ಬರೀ ಹುಳಿ, ಮತ್ತೊಂದರಲ್ಲಿ ಹಣ್ಣೇ ಕಡಿಮೆ. ಅಪರೂಪಕ್ಕೆ ಒಂದು ಚೆನ್ನಾಗಿಯೂ ಬರಬಹುದು. ಮಹಾಬಳೇಶ್ವರದ ಬೆಳೆಗಾರರು ಕೂಡ ಬೀಜ ಹಾಕುವುದಿಲ್ಲ. ಗಿಡ ಬಳ್ಳಿಯಂತೆ ಚಾಚುವ ಕುಡಿಗಳನ್ನು, ಅಂದರೆ ರನ್ನರ್‌ಗಳನ್ನು, ಬೇರು ಬಿಡಿಸಿ ನೆಡುತ್ತಾರೆ. ಸ್ವೀಟ್ ಚಾರ್ಲಿ, ವಿಂಟರ್ ಡಾನ್, ಕಾಮರೋಸಾ ಇವೆಲ್ಲ ಹಾಗೆ ರನ್ನರ್‌ನಿಂದ ಬೆಳೆಸುವ ತಳಿಗಳು.

ಕಾಲದ ಲೆಕ್ಕವೂ ನಮ್ಮ ಕಡೆ ಬೀಜಕ್ಕೆ ವಿರುದ್ಧವಾಗಿದೆ. ಜನವರಿಯಲ್ಲಿ ಹಣ್ಣು ತಂದು, ಬೀಜ ತೆಗೆದು, ತಕ್ಷಣ ಬಿತ್ತಿದಿರಿ ಅನ್ನಿ. ಸಸಿ ಹುಟ್ಟಿ ಎರಡೆಲೆ ಬರುವಷ್ಟರಲ್ಲಿ ಮಾರ್ಚ್ ಬಿಸಿಲು. ಸ್ಟ್ರಾಬೆರಿ ಸಸಿ ಮೊದಲ ತಿಂಗಳುಗಳಲ್ಲಿ ತೀರ ನಿಧಾನ, ತೀರ ನಾಜೂಕು. ಧಾರವಾಡದಲ್ಲಿ ಮರದ ನೆರಳಿಟ್ಟು ಹೇಗೋ ಉಳಿಸಿಕೊಳ್ಳಬಹುದು. ಗದಗದ ಮಾಳಿಗೆಯ ಮೇಲೆ ಮೇ ತಿಂಗಳು ದಾಟಿಸುವುದು ಸುಮ್ನೆ ಮಾತಲ್ಲ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ? ಸಸಿ ಬದುಕುತ್ತದೆ, ಆದರೆ ಹಣ್ಣು ಬಿಡಲು ಐದಾರು ತಿಂಗಳು ಬೇಕು. ಅಷ್ಟರಲ್ಲಿ ಮತ್ತೆ ಫೆಬ್ರವರಿ-ಮಾರ್ಚ್. ಅದೇ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ರನ್ನರ್ ಸಸಿ ತಂದು ನೆಟ್ಟರೆ ಡಿಸೆಂಬರ್ ಹೊತ್ತಿಗೆ ಹಣ್ಣು ಶುರುವಾಗುತ್ತದೆ. ಹಣ್ಣಿಗಾಗಿ ಬೆಳೆಯುವವರಿಗೆ ಇಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ ಅಲ್ವಾ?

ಆದರೂ ಬೀಜದಿಂದಲೇ ನೋಡಬೇಕು ಅನ್ನುವವರಿಗೆ ಒಂದು ದಾರಿ ಇದೆ. ಆಲ್ಪೈನ್ ಸ್ಟ್ರಾಬೆರಿ. ಇದು ಮಿಶ್ರತಳಿ ಅಲ್ಲ, ಯುರೋಪಿನ ಕಾಡು ಸ್ಟ್ರಾಬೆರಿಯ ಒಂದು ಬಗೆ. ಬೀಜದಿಂದ ತಾಯಿಯಂಥದೇ ಗಿಡ ಬರುತ್ತದೆ. ಹಣ್ಣು ಚಿಕ್ಕದು, ಬೆರಳ ತುದಿಯಷ್ಟು. ಆದರೆ ಪರಿಮಳ ಮಾತ್ರ ಮಾರುಕಟ್ಟೆ ಹಣ್ಣಿಗೆ ಇರದಷ್ಟು. ಅರ್ಧ ನೆರಳಿನಲ್ಲೂ ಬೆಳೆಯುತ್ತದೆ. ಪ್ಯಾಕೆಟ್ ಮೇಲೆ ಫ್ರಗೇರಿಯಾ ವೆಸ್ಕಾ ಎಂಬ ಶಾಸ್ತ್ರೀಯ ಹೆಸರು ಇರಬೇಕು. ಮಕ್ಕಳ ಬಾಯಿಗೆ ನಾಲ್ಕು ಹಣ್ಣು ಸಿಕ್ಕರೆ ಸಾಕು ಅನ್ನುವವರಿಗೆ ಇದು ಸರಿ. ಜಾಮ್ ಮಾಡುವ ಲೆಕ್ಕ ಇದ್ದರೆ ಬೇಡ.

ಎರಡೂ ಬಗೆಯ ಬೀಜಕ್ಕೆ ಮೊಳಕೆ ಬರಿಸುವ ರೀತಿ ಒಂದೇ. ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿ ಮೂರು ನಾಲ್ಕು ವಾರ ಇಡಿ. ಚಳಿಗಾಲ ಕಳೆಯಿತು ಎಂದು ಬೀಜ ನಂಬಬೇಕು, ಅಷ್ಟೇ. ಫ್ರೀಜರ್‌ನಲ್ಲಿ ಅಲ್ಲ, ತರಕಾರಿ ಇಡುವ ಜಾಗದಲ್ಲಿ. ಆಮೇಲೆ ಒದ್ದೆ ಮಾಡಿದ ಮಣ್ಣಿನ ಮಿಶ್ರಣದ (ಅದರ ವಿವರ ಕೊನೆಯಲ್ಲಿದೆ) ಮೇಲೆ ಉದುರಿಸಿ ಮೆಲ್ಲಗೆ ಒತ್ತಿ. ಮೇಲೆ ಮಣ್ಣು ಮುಚ್ಚಬಾರದು, ಈ ಬೀಜ ಮೊಳೆಯಲು ಬೆಳಕು ಬೇಕು. ನೀರನ್ನು ಸ್ಪ್ರೇ ಮಾಡಿ, ಇಲ್ಲವೇ ಟ್ರೇಯನ್ನು ಕೆಳಗಿನಿಂದ ನೀರು ಹೀರುವಂತೆ ಇಡಿ. ಮೊಳಕೆಗೆ ಎರಡು ವಾರವೂ ಆಗಬಹುದು, ಆರು ವಾರವೂ ಆಗಬಹುದು. ಬಿತ್ತಿದ ಟ್ರೇಗೆ ಇರುವೆ ಬಾರದಂತೆ ನೋಡಿಕೊಳ್ಳಿ, ಬೀಜ ಹೊತ್ತುಕೊಂಡು ಹೋಗುತ್ತವೆ. ಸಸಿ ಬದಲಾಯಿಸಿ ನೆಡುವಾಗ ಎಲೆಗಳೆಲ್ಲ ಕೂಡುವ ನಡುಭಾಗ ಮಣ್ಣಿನ ಮೇಲೇ ಇರಬೇಕು. ಅದು ಹೂತರೆ ಕೊಳೆಯುತ್ತದೆ.

ನೀಲಿ ಸ್ಟ್ರಾಬೆರಿ, ಕಪ್ಪು ಸ್ಟ್ರಾಬೆರಿ ಬೀಜ ಅಂತ ಮಾರುವವರಿದ್ದಾರೆ. ನೀಲಿ ಸ್ಟ್ರಾಬೆರಿ ಎಂಬುದೇ ಇಲ್ಲ. ಅದು ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದ ಚಿತ್ರ.

ಕವಳಿ: ಬೇಲಿಯೂ ಆಯ್ತು, ಹಣ್ಣೂ ಆಯ್ತು

ಬೆರಿ ಅಂದ ಕೂಡಲೇ ಹೊರದೇಶದ ಹಣ್ಣೇ ನೆನಪಾಗುವುದು ಯಾಕೋ ಗೊತ್ತಿಲ್ಲ. ಬೇಸಿಗೆ ಕೊನೆಗೆ ಧಾರವಾಡದ ಮಾರುಕಟ್ಟೆಯಲ್ಲಿ ಕಲಘಟಗಿ, ಅಳ್ನಾವರ ಕಡೆಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಕವಳಿ ಹಣ್ಣು ತಂದು ಕೂರುತ್ತಾರೆ. ಬೀಜದಿಂದ ಬೆಳೆಯಲು ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಗಿಡ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಲು ಎಷ್ಟಾದರೂ ಸರಿ. ಕಲ್ಲು ನೆಲ, ಮಸಾರಿ ನೆಲ, ಸ್ವಲ್ಪ ಸವುಳು ನೆಲದಲ್ಲೂ ಬರುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಆಗದು. ಮೊದಲ ವರ್ಷ ಬೇಸಿಗೆಯಲ್ಲಿ ನೀರು ಕೊಟ್ಟರೆ ಆಮೇಲೆ ಅದರ ಪಾಡಿಗೆ ಅದು.

ಇದರಲ್ಲೂ ಎರಡು ಬಗೆ ಸಿಗುತ್ತವೆ. ಕಾಡಿನ ಕವಳಿ ಚಿಕ್ಕದು, ಕಪ್ಪಗೆ ಹಣ್ಣಾಗುತ್ತದೆ, ಹಾಗೇ ತಿನ್ನಲು ಸಿಹಿ. ನರ್ಸರಿಗಳಲ್ಲಿ ಕರೋಂದ ಎಂದು ಮಾರುವುದು ದೊಡ್ಡ ಕಾಯಿಯದು. ನೋಡಲು ಗುಲಾಬಿ ಬಣ್ಣ, ರುಚಿ ಹುಳಿ, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ನಿಮಗೆ ಯಾವುದು ಬೇಕೋ ಅದರ ಹಣ್ಣನ್ನೇ ತಂದು ಬೀಜ ತೆಗೆಯಿರಿ.

ಕವಳಿ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಲು ಆಗುವುದಿಲ್ಲ. ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಆನ್‌ಲೈನ್ ಪ್ಯಾಕೆಟ್‌ಗಿಂತ ಸಂತೆಯ ಹಣ್ಣೇ ವಾಸಿ. ಪೂರ್ತಿ ಹಣ್ಣಾದದ್ದನ್ನು ಹಿಸುಕಿ, ತಿರುಳು ತೊಳೆದು, ಒಂದೆರಡು ದಿನ ನೆರಳಲ್ಲಿ ಆರಿಸಿ ಬಿತ್ತಿಬಿಡಿ. ಅಷ್ಟರಲ್ಲಿ ಮಳೆಯೂ ಬಂದಿರುತ್ತದೆ. ಎರಡು ಮೂರು ವಾರದಿಂದ ಒಂದು ತಿಂಗಳಲ್ಲಿ ಮೊಳಕೆ ಬರುತ್ತದೆ. ಸಸಿ ಮೊದಲ ವರ್ಷ ನಿಧಾನ. ಪ್ಲಾಸ್ಟಿಕ್ ಚೀಲದಲ್ಲೇ ಬೆಳೆಸಿ, ಮುಂದಿನ ಮುಂಗಾರಿಗೆ ನೆಲಕ್ಕೆ ಹಾಕಿ. ಬೇಲಿಗಾದರೆ ಒಂದು ಮೀಟರ್‌ಗೆ ಒಂದು. ಮೂರನೆಯ ವರ್ಷದ ಸುಮಾರಿಗೆ ಹಣ್ಣು ಕಾಣಬಹುದು.

ತೊಂದರೆ ಇಲ್ಲವೆಂದಲ್ಲ. ಮುಳ್ಳು ಭಾರಿ ಗಟ್ಟಿ, ಕವಲೊಡೆದದ್ದು. ಮಕ್ಕಳು ಓಡಾಡುವ ಅಂಗಳದ ಪಕ್ಕ ಹಾಕಬಾರದು. ಕಾಯಿ ಕಿತ್ತರೆ ಬರುವ ಹಾಲು ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಅಪಾರ್ಟ್‌ಮೆಂಟ್ ಬಾಲ್ಕನಿಗೆ ಇದು ಬೇಡವೇ ಬೇಡ. ಗದಗ, ರೋಣ, ಶಿರಹಟ್ಟಿ ಕಡೆ ಹೊಲದ ಬದುವಿಗೆ ದನ-ಮೇಕೆ ನುಗ್ಗದಂತೆ ಏನಾದರೂ ಹಾಕಬೇಕು ಅನ್ನುವವರಿಗೆ ಮಾತ್ರ ಒಂದೇ ಗಿಡದಲ್ಲಿ ಎರಡೂ ಕೆಲಸ ಆಗುತ್ತದೆ.

ಹಿಪ್ಪುನೇರಳೆಗೆ ಬೀಜ ಯಾಕೆ?

ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಗಿಡವೇ ಇದು. ಬೀಜ ಮೊಳೆಯುತ್ತದೆ, ಸುಳ್ಳಲ್ಲ. ಆದರೆ ಹಿಪ್ಪುನೇರಳೆಯಲ್ಲಿ ಗಂಡು ಹೂವಿನ ಗಿಡ, ಹೆಣ್ಣು ಹೂವಿನ ಗಿಡ ಬೇರೆ ಬೇರೆಯಾಗಿ ಬರುವುದುಂಟು. ವರ್ಷಗಟ್ಟಲೆ ಸಾಕಿದ ಮೇಲೆ ಅದು ಗಂಡು ಗಿಡ ಎಂದು ತಿಳಿದರೆ ಏನು ಮಾಡುತ್ತೀರಿ? ಚೆನ್ನಾಗಿ ಹಣ್ಣು ಬಿಡುವ ಗಿಡವನ್ನು ಕಣ್ಣಾರೆ ನೋಡಿ, ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರುವ ಕಡ್ಡಿ ತನ್ನಿ. ಜೂನ್ ಮಳೆಯಲ್ಲಿ ಎರಡು ಕಣ್ಣು ಮಣ್ಣೊಳಗೆ ಹೋಗುವಂತೆ ಚುಚ್ಚಿ. ತಿಂಗಳೊಳಗೆ ಬೇರು. ವರ್ಷದೊಳಗೆ ನಾಲ್ಕು ಹಣ್ಣು ಸಿಕ್ಕರೂ ಸಿಗಬಹುದು. ದೊಡ್ಡ ಡ್ರಮ್ಮಿನಲ್ಲೂ ಬೆಳೆಯುತ್ತದೆ. ಹೊಸ ಚಿಗುರಿನ ಮೇಲೆ ಹಣ್ಣು ಬರುವುದರಿಂದ ಆಗಾಗ ಕತ್ತರಿಸುತ್ತಿರಬೇಕು. ರೇಷ್ಮೆ ಬೆಳೆಯುವವರ ಹೊಲದಲ್ಲಿ ಕತ್ತರಿಸಿ ಬಿಸಾಕಿದ ಕಡ್ಡಿ ಬೇಕಾದಷ್ಟು ಸಿಗುತ್ತದೆ, ಆದರೆ ಅವು ಸೊಪ್ಪಿಗಾಗಿ ಆರಿಸಿದ ತಳಿಗಳು. ಹಣ್ಣಿನ ಭರವಸೆ ಕಡಿಮೆ.

ಬ್ಲೂಬೆರಿ ಮತ್ತು ಉಳಿದವು

ಬ್ಲೂಬೆರಿಗೆ ಹುಳಿ ಮಣ್ಣು ಬೇಕು. ಪಿಎಚ್ ಅಂದರೆ ಮಣ್ಣಿನ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಅದು 4.5ರಿಂದ 5.5ರ ನಡುವೆ ಇರಬೇಕು. ನಮ್ಮ ಎರಿ ಮಣ್ಣು ಸಾಮಾನ್ಯವಾಗಿ 7.5ರ ಮೇಲೆ. ಕುಂಡದಲ್ಲಿ ಬೇರೆ ಮಿಶ್ರಣ ಮಾಡಿ ಹಾಕಿದರೂ, ಬೋರ್ ನೀರು ಹಾಕಿ ಹಾಕಿ ಕೆಲವೇ ತಿಂಗಳಲ್ಲಿ ಪಿಎಚ್ ಮತ್ತೆ ಏರುತ್ತದೆ. ಜೊತೆಗೆ ಬಹಳಷ್ಟು ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ಧಾರವಾಡದ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 13-14 ಡಿಗ್ರಿ. ಬೀಜದಿಂದ ಹಾಕಿದರೆ ಹಣ್ಣಿಗೆ ಮೂರು ನಾಲ್ಕು ವರ್ಷವಾದರೂ ಬೇಕು. ಆ ದುಡ್ಡಿಗೆ ಹಣ್ಣೇ ಕೊಂಡು ತಿನ್ನಿ.

ರಾಸ್ಪ್‌ಬೆರಿ ಬೀಜದ ಸಿಪ್ಪೆ ಗಟ್ಟಿ. ಉಜ್ಜಿ ತೆಳು ಮಾಡಿ, ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಟ್ಟು, ಆಮೇಲೂ ಕಾಯಬೇಕು. ಹೊಸಬರಿಗೆ ಬೇಡ.

ಫಾಲ್ಸಾ ಎಂಬ ಚಿಕ್ಕ ಹಣ್ಣಿನ ಗಿಡವೊಂದಿದೆ. ಬಿಸಿಲು ತಡೆಯುತ್ತದೆ, ಬೀಜದಿಂದ ಸುಲಭವಾಗಿ ಬರುತ್ತದೆ, ಎರಡು ಮೂರನೇ ವರ್ಷಕ್ಕೆ ಹಣ್ಣು. ಗುಣದಲ್ಲಿ ಕವಳಿಗೆ ಸಮ, ಮುಳ್ಳೂ ಇಲ್ಲ. ಆದರೆ ನಮ್ಮ ಕಡೆ ಇದರ ಹಣ್ಣು ಅಪರೂಪ. ಎಲ್ಲಾದರೂ ತಾಜಾ ಹಣ್ಣು ಕಂಡರೆ ಬಿಡಬೇಡಿ.

ಸಂಕ್ರಾಂತಿ ಹೊತ್ತಿಗೆ ಗಾಡಿಯ ಮೇಲೆ ಬರುವ ಬಾರಿ ಹಣ್ಣಿನ ಓಟೆ ಹಾಕಿದರೂ ಗಿಡ ಬರುತ್ತದೆ. ಆದರೆ ದೊಡ್ಡ ಬಾರಿ ಹಣ್ಣೆಲ್ಲ ಕಸಿ ಗಿಡದ್ದು. ಅದರ ಓಟೆಯಿಂದ ಅದೇ ಹಣ್ಣು ಬರುತ್ತದೆ ಎಂದು ನಂಬಬೇಡಿ.

ಮಣ್ಣು, ನೀರು, ಪ್ಯಾಕೆಟ್

ಹೊಲದ ಎರಿ ಮಣ್ಣನ್ನು ಸಸಿ ಟ್ರೇಗೆ ಹಾಕಬಾರದು. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಮಸಾರಿ ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಜರಡಿ ಹಿಡಿದ ಎರೆಹುಳು ಗೊಬ್ಬರ ಸಮಪ್ರಮಾಣದಲ್ಲಿ ಸೇರಿಸಿದರೆ ರಸಭರಿ, ಕವಳಿ ಎರಡಕ್ಕೂ ನಡೆಯುತ್ತದೆ. ಸ್ಟ್ರಾಬೆರಿ ಬೀಜಕ್ಕೆ ಬರೀ ಕೊಕೊಪೀಟ್ ಮತ್ತು ಸ್ವಲ್ಪ ಗೊಬ್ಬರ ಸಾಕು. ಮಳೆಗಾಲದಲ್ಲಿ ಸಸಿಯ ಬುಡ ಕೊಳೆತು ಒಂದೇ ರಾತ್ರಿಗೆ ಸಾಲು ಸಾಲು ಮಲಗುವುದುಂಟು. ದಟ್ಟವಾಗಿ ಬಿತ್ತದೆ, ಗಾಳಿ ಆಡುವ ಕಡೆ ಇಟ್ಟು, ಜಡಿಮಳೆ ನೇರವಾಗಿ ಬೀಳದಂತೆ ನೋಡಿಕೊಂಡರೆ ಬಹುಪಾಲು ತಪ್ಪುತ್ತದೆ.

ನೀರಿನ ಲೆಕ್ಕವನ್ನು ಗಿಡ ಆರಿಸುವ ಮುಂಚೆಯೇ ಹಾಕಿ. ನಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಹತ್ತು ಸ್ಟ್ರಾಬೆರಿ ಕುಂಡ ಇಟ್ಟುಕೊಂಡರೆ ಮಾರ್ಚ್‌ನಲ್ಲಿ ಮನೆಯಲ್ಲೇ ಜಗಳ. ಅದರ ಬೇರು ಮೇಲುಮೇಲೆ ಇರುವುದರಿಂದ ಒಂದು ದಿನ ತಪ್ಪಿದರೂ ಬಾಡುತ್ತದೆ. ಬೋರ್ ನೀರು ಸವುಳಾಗಿದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಅಂಥ ಮನೆಗೆ ರಸಭರಿ ಒಳ್ಳೆಯದು, ದೊಡ್ಡ ಕುಂಡದಲ್ಲಿದ್ದರೆ ಒಂದು ದಿನ ಆಚೀಚೆ ಆದರೂ ಸುಧಾರಿಸಿಕೊಳ್ಳುತ್ತದೆ. ಧಾರವಾಡದಲ್ಲಿ ಮಂಗನ ಕಾಟ ಇರುವ ಬಡಾವಣೆಯವರು ಯಾವ ಗಿಡ ಹಾಕಿದರೂ ಒಂದು ಬಲೆ ಜೊತೆಗೇ ಕೊಳ್ಳಬೇಕು.

ಪ್ಯಾಕೆಟ್ ಬೀಜವನ್ನೇ ಕೊಳ್ಳುವುದಾದರೆ ಚಿತ್ರ ಬಿಟ್ಟು ಹಿಂಬದಿ ಓದಿ. ಸಸ್ಯದ ಶಾಸ್ತ್ರೀಯ ಹೆಸರು, ಪ್ಯಾಕ್ ಮಾಡಿದ ದಿನ, ಮೊಳಕೆ ಪ್ರಮಾಣ ಇಲ್ಲದಿದ್ದರೆ ವಾಪಸ್ ಇಡಿ. ರಸಭರಿ ಬೀಜ ತಂದ ಮೇಲೂ ಕುಂಡಕ್ಕೆಲ್ಲ ಮಣ್ಣು ತುಂಬುವ ಮುಂಚೆ ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಮೂರು ವಾರದಲ್ಲಿ ಆರೇಳು ಮೊಳೆತರೆ ಧೈರ್ಯವಾಗಿ ಬಿತ್ತಿ. ಎರಡೋ ಮೂರೋ ಬಂದರೆ ಆ ಪ್ಯಾಕೆಟ್ ಬಿಟ್ಟು ಒಂದು ಡಬ್ಬಿ ಹಣ್ಣು ತನ್ನಿ.